ತಂತಿ ಎಳೆದ ಕೈ

ಮುನಿಸ್ವಾಮಪ್ಪನ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರಕ್ಕೆ ಕೂತ ದಿನವೇ ಮಗ ಕದಿರಪ್ಪ ತೀರಿಕೊಂಡ. ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು ಪೊರೆ ಕಳಚುವುದಕ್ಕೆ ಕ್ಯಾಸಂಬಳ್ಳಿ ಕಡೆಯವರು ಜ್ವರ ಅನ್ನುತ್ತಾರೆ. ಆ ಹೊತ್ತು ಹುಳುಮನೆಯಲ್ಲಿ ಒಂದು ಸದ್ದೂ ಇರುವುದಿಲ್ಲ.

ಕದಿರಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಊರಿಗೆ ಬಂದಿದ್ದ. ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತ. ತಾಯಿ ಮುನಿರತ್ನಮ್ಮ ಮುದ್ದೆ ಇಟ್ಟು ಅವರೆಕಾಳಿನ ಸಾರು ಬಿಟ್ಟಳು. ಎರಡು ತುತ್ತು ನುಂಗಿ, "ಅಮ್ಮಾ, ತಲೆ ಒಂಥರಾ ಆಯ್ತದೆ" ಅಂದ. ಗೋಡೆಗೆ ಒರಗಿದವನು ಮತ್ತೆ ಮಾತಾಡಲಿಲ್ಲ. ಪಕ್ಕದ ಮನೆಯವರು ಟೆಂಪೋ ಕರೆದುಕೊಂಡು ಬರುವಷ್ಟರಲ್ಲಿ ಕೈ ತಣ್ಣಗಾಗಿತ್ತು. ಆಸ್ಪತ್ರೆಯ ಡಾಕ್ಟರು, ಮೆದುಳಿನ ರಕ್ತನಾಳ ಹುಟ್ಟಿನಿಂದಲೇ ಒಂದು ಕಡೆ ತೆಳ್ಳಗಿದ್ದು ಇವತ್ತು ಒಡೆದಿದೆ, ಹೊಲದಲ್ಲಿದ್ದರೂ ಮನೆಯಲ್ಲಿದ್ದರೂ ಇದು ಆಗುತ್ತಿತ್ತು ಅಂದರು. ಮುನಿಸ್ವಾಮಪ್ಪನ ಕಿವಿಗೆ ಅದರಲ್ಲಿ ಅರ್ಧವೂ ಬೀಳಲಿಲ್ಲ. ಹುಡುಗನಿಗೆ ಇಪ್ಪತ್ನಾಲ್ಕು ವರ್ಷ.

ಸಾವಾದ ಮನೆಯವರು ಹುಳು ಮುಟ್ಟಬಾರದು ಅಂತ ಊರಿನವರು ಹೇಳಿದರು. ಆದರೆ ಜ್ವರ ಎದ್ದ ಹುಳು ಒಂದು ಹೊತ್ತೂ ಹಸಿವು ತಡೆಯುವುದಿಲ್ಲ. ಮಗನನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದ ಮಾರನೇ ದಿನ ಮುನಿರತ್ನಮ್ಮ ತಲೆಗೆ ನೀರು ಹಾಕಿಕೊಂಡು ಸೊಪ್ಪಿನ ಕುಕ್ಕೆ ಎತ್ತಿದಳು.

"ಸೂತಕ ಕಣೇ, ಒಳಕ್ಕೆ ಓಗಬ್ಯಾಡ" ಎಂದಳು ಅತ್ತೆ ಚಿಕ್ಕವೆಂಕಟಮ್ಮ.

"ಅವು ಅಸ್ಕೊಂಡವೆ ಅತ್ತೆ."

"ಜನ ಏನಂತಾರೆ?"

"ಅನ್ಲಿ. ಇನ್ನೊಂದು ಜೀವ ಸಾಯೋದನ್ನ ನನ್ ಕೈಲಿ ನೋಡಾಕಾಗಲ್ಲ."

ಮುದುಕಿ ಎದ್ದು ಇನ್ನೊಂದು ಕುಕ್ಕೆ ಹಿಡಿದಳು. ಇಬ್ಬರೂ ತಟ್ಟೆ ತಟ್ಟೆಗೆ ಸೊಪ್ಪು ಹರಡಿದರು. ಸ್ವಲ್ಪ ಹೊತ್ತಿಗೆಲ್ಲ ಹುಳುಮನೆಯ ತುಂಬ ಹುಳು ಮೇಯುವ, ಸೋನೆ ಮಳೆ ಹಿಡಿದಂಥ ಸದ್ದು. ಮುನಿರತ್ನಮ್ಮ ಅಲ್ಲೇ ಕೂತು ಮೊದಲ ಸಲ ಗಟ್ಟಿಯಾಗಿ ಅತ್ತಳು.

ಮೂರನೇ ದಿನದ ಹಾಲುತುಪ್ಪದ ಶಾಸ್ತ್ರ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆಯಲ್ಲಿ ಒಡಕು ಕಾಣಿಸಿತು. ಕದಿರಪ್ಪ ಐಟಿಐ ಓದಿದ್ದ. ಎರಡು ವರ್ಷದ ಹಿಂದೆ, ಬೊಂಬಾಯಿಯ ವಿಜ್ಞಾನಿಗಳು ಗಣಿಯ ತಳದಲ್ಲಿ ಏನೋ ಯಂತ್ರ ಕಟ್ಟುತ್ತಿದ್ದಾರೆ, ಅದಕ್ಕೆ ಹುಡುಗರು ಬೇಕಂತೆ ಎಂದು ಸುದ್ದಿ ತಂದಿದ್ದ. ಅಪ್ಪನಿಗೆ ಅದು ಬಿಲ್‌ಕುಲ್ ಇಷ್ಟವಿರಲಿಲ್ಲ. ಹಿಪ್ಪುನೇರಳೆ ತೋಟವಿದೆ, ಕರೆಯುವ ಸೀಮೆಹಸು ಎರಡಿವೆ, ಮನೆಯಲ್ಲಿ ಇರು ಅಂದಿದ್ದ. ಅಮ್ಮ, "ಅವನ ಮನಸ್ಸು ಅಲ್ಲೈತೆ, ಓಗ್ಲಿ ಬಿಡು" ಎಂದು ಬುತ್ತಿ ಕಟ್ಟಿ ಕಳಿಸಿದ್ದಳು. ಮಗ ಒಂದು ದಿನ ಊಟಕ್ಕೆ ಕೂತಾಗ, "ಅಪ್ಪಾ, ಆಕಾಶದಿಂದ ಬರೋದನ್ನ ನಾವು ಭೂಮಿ ತಳದಾಗೆ ಕೂತು ಕಾಯ್ತೀವಿ" ಅಂದಾಗ ಮುನಿಸ್ವಾಮಪ್ಪ, "ಆಕಾಶ ನೋಡಾಕೆ ಯಾವನ್ಲಾ ಬಾವಿಗೆ ಇಳೀತಾನೆ?" ಎಂದು ನಕ್ಕುಬಿಟ್ಟಿದ್ದ. ಆಮೇಲೆ ಮಗ ಆ ಮಾತು ಎತ್ತಿರಲಿಲ್ಲ. ಇವನೂ ಕೇಳಿರಲಿಲ್ಲ.

ಈಗ ಮುನಿಸ್ವಾಮಪ್ಪ ಹಸುವಿನ ಹಗ್ಗ ಬಿಚ್ಚುತ್ತಾ ಹೆಂಡತಿಯ ಕಡೆ ತಿರುಗಿ ಹೇಳಿದ.

"ನೀನೇ ಕಳಿಸ್ದೆ."

"ಏನಂದೆ?"

"ಆ ತೂತಿನೊಳಕ್ಕೆ ನನ್ ಮಗನ್ನ ನೀನೇ ಕಳಿಸ್ದೆ. ಒಳಗಿನ ಬಿಸಿ, ಹೊಗೆ, ಅದೇ ತಲೆಗೆ ಏರಿದ್ದು."

"ಡಾಕ್ಟ್ರು ಯೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಡಾಕ್ಟ್ರು ಗಣಿಯೋರ ಕಡೆಯೋನೇ."

ಮುನಿರತ್ನಮ್ಮ ಕೈಯಲ್ಲಿದ್ದ ಕಲಗಚ್ಚಿನ ಬಕೆಟ್ಟು ಅಲ್ಲೇ ಇಟ್ಟು ಒಳಗೆ ಹೋದಳು. ಅವತ್ತಿನಿಂದ ಗಂಡಹೆಂಡತಿಗೆ ಮಾತು ನಿಂತಿತು. ಬೇಕಾದ್ದೆಲ್ಲ ಮುದುಕಿಯ ಮೂಲಕ ನಡೆಯಿತು.

"ಅಮ್ಮಾ, ಸೊಪ್ಪು ಸಾಕಾ ಇನ್ನೊಂದು ಹೊರೆ ತರ್ಲಾ, ಕೇಳು."

"ಅತ್ತೆ, ಎರಡು ಹೊರೆ ಬೇಕು ಅನ್ನು."

ಇಬ್ಬರೂ ಒಂದೇ ಅಂಗಳದಲ್ಲಿ ನಿಂತಿರುತ್ತಿದ್ದರು. ಚಿಕ್ಕವೆಂಕಟಮ್ಮ ಒಮ್ಮೆ ಇವನ ಮುಖ, ಒಮ್ಮೆ ಅವಳ ಮುಖ ನೋಡಿ, "ಅಯ್ಯೋ ದೇವುಡಾ, ನನ್ನ ಯಾಕೆ ಪೋಸ್ಟ್‌ಮ್ಯಾನ್ ಮಾಡ್ದೆ" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹುಳು ಹಣ್ಣಾದವು. ಮೈ ಬಂಗಾರದ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆ ಕಾಣುವಷ್ಟು ತಿಳಿಯಾದವು. ಮುನಿರತ್ನಮ್ಮ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದು ಬಿದಿರು ಹೆಣೆದ ಚಂದ್ರಿಕೆಗೆ ಬಿಟ್ಟಳು. ಗೂಡು ಕಟ್ಟಿ ಮುಗಿದ ಮೇಲೆ ಬಂಗಾರಪೇಟೆಯಲ್ಲಿದ್ದ ಮಗಳು ಅನಸೂಯ ಗಂಡನನ್ನು ಕಳಿಸಿ ಗೂಡನ್ನು ಮಾರುಕಟ್ಟೆಗೆ ಸಾಗಿಸಿದಳು. ಹೊಸ ಮರಿ ತರಲು ಮನೆಯಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಖಾಲಿ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸಿದರು.

ಅಂಥ ಒಂದು ಭಾನುವಾರ ಕುಪ್ಪುಸ್ವಾಮಿ ಬಂದ. ಐವತ್ತರ ಹತ್ತಿರದ, ಕಪ್ಪಗೆ ಎತ್ತರದ ತಮಿಳು ಆಳು. ಕದಿರಪ್ಪನ ಜೊತೆ ಒಂದೇ ಪಾಳಿಯಲ್ಲಿ ಕೆಲಸ ಮಾಡಿದವನು. ಹುಡುಗನ ಟಿಫನ್ ಕ್ಯಾರಿಯರ್ ಒಳಗೇ ಉಳಿದಿತ್ತಂತೆ. ಅದನ್ನು ಬೆಳಗಿ, ಬಟ್ಟೆಯಲ್ಲಿ ಸುತ್ತಿ ತಂದಿದ್ದ.

ಮುನಿಸ್ವಾಮಪ್ಪ ಅದನ್ನು ನೋಡಿದವನೇ ಎದ್ದು ಕೊಟ್ಟಿಗೆಗೆ ಹೋದ. ಮುನಿರತ್ನಮ್ಮ ಚಾಪೆ ಹಾಸಿ ನೀರು ಕೊಟ್ಟಳು.

"ಅಣ್ಣಾ, ನನ್ ಮಗ ಅಲ್ಲಿ ಏನ್ ಕೆಲ್ಸ ಮಾಡ್ತಿದ್ದ? ನಂಗೆ ಗೊತ್ತಾಗಂಗೆ ಯೇಳು."

ಕುಪ್ಪುಸ್ವಾಮಿ ಕೈಯಲ್ಲೇ ಅಳತೆ ತೋರಿಸುತ್ತಾ ಹೇಳಿದ. "ಅಮ್ಮಾ, ಕಬ್ಬಿಣದ್ದು ಉದ್ದುದ್ದ ಕೊಳವೆ ಅದೆ. ಒಂದರ ಮೇಲೆ ಒಂದು, ಮನೆ ಅಷ್ಟು ದೊಡ್ಡದಾಗಿ ಅಡುಕಿದೀವಿ. ಒಂದೊಂದು ಕೊಳವೆ ಒಳಗೂ ಒಂದು ತಂತಿ. ಕೂದಲಿಗಿಂತ ಸಣ್ಣ. ಅದು ನಟ್ಟನಡುವೆ, ಎಲ್ಲೂ ಜೋತು ಬೀಳದಂಗೆ ನಿಂತಿರಬೇಕು. ಸ್ವಲ್ಪ ಜಾಸ್ತಿ ಎಳೆದ್ರೆ ಕಿತ್ಕೊಂತದೆ, ಕಮ್ಮಿ ಆದ್ರೆ ಆ ಕೊಳವೆ ಕೆಲ್ಸಕ್ಕೆ ಬರಲ್ಲ. ನಾವೆಲ್ಲ ಕಿತ್ತು ಕಿತ್ತು ಹಾಕಿದ್ವಿ. ನಿಮ್ಮ ಪಿಳ್ಳೆ ಬಂದ. ತಂತೀನ ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಕೊಂಡು ಎಳೀತಾನೆ. ಕೀಳೋದೇ ಇಲ್ಲ! ಬೊಂಬಾಯಿ ದೊಡ್ಡ ವಿಜ್ಞಾನಿ, ನಮ್ಮ ದೊರೆ, ಎದ್ದು ಬಂದು ನೋಡ್ತಾ ನಿಂತುಬಿಟ್ರು."

"ಕಣ್ಣು ಮುಚ್ಕೊಂಡಾ?"

"ಆಮಾ. ಎಲ್ಲಿ ಕಲ್ತೆ ಅಂತ ಕೇಳ್ದೆ. ನಮ್ಮಮ್ಮ ಚರಕದಾಗೆ ರೇಷ್ಮೆ ತೆಗೀತಿದ್ಲು, ಬಿಸಿನೀರೊಳಗೆ ಗೂಡಿನ ಎಳೆ ಹುಡುಕೋಕೆ ಕಣ್ಣು ಬೇಡ, ಬೆರಳು ಸಾಕು ಅಂತ ಹೇಳಿಕೊಟ್ಟಿದ್ಲು, ಅಂದ."

ಮುನಿರತ್ನಮ್ಮ ತನ್ನ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೋಡಿದಳು. ಹಿಂದೆ, ಈ ಮನೆಯ ಹಿತ್ತಲಲ್ಲಿ ಚರಕ ಇದ್ದ ಕಾಲದಲ್ಲಿ, ಪುಟ್ಟ ಮಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತಾನೂ ಬೆರಳದ್ದಿ ಸುಟ್ಟುಕೊಂಡು ಅಳುತ್ತಿದ್ದ. ಬಿಸಿನೀರಿನಲ್ಲಿ ಬೆಂದು ಬೆಂದು ಚರ್ಮ ದಪ್ಪಗಾದ ಈ ಬೆರಳಿನ ಕೆಲಸ ಭೂಮಿಯ ತಳಕ್ಕೆ ಹೋಗಿ ಕೂತಿದೆಯೆಂದು ಅವಳಿಗೆ ನಂಬುವುದಕ್ಕೇ ಆಗಲಿಲ್ಲ.

"ಆ ತಂತಿ ಏನ್ ಮಾಡ್ತದೆ?"

"ಕಾಯ್ತದೆ ಅಮ್ಮಾ. ಆಕಾಶದಿಂದ ಒಂದು ಕಣ ಬರ್ತದೆ, ಧೂಳಿಗಿಂತ ಸಣ್ಣ. ಕಣ್ಣಿಗೆ ಕಾಣಲ್ಲ, ತೂಕ ಇಲ್ಲ, ಕಲ್ಲು ಮಣ್ಣು ಯಾವುದೂ ಅದನ್ನ ತಡೆಯಲ್ಲ. ಎಲ್ಲೋ ಅಪರೂಪಕ್ಕೆ ಒಂದು ಬಂದು ಮುಟ್ಟಿದ್ರೆ, ಆ ತಂತಿಗೆ ಗೊತ್ತಾಗ್ತದೆ."

"ನಂಗೆ ಅದನ್ನ ನೋಡ್ಬೇಕು."

ಕುಪ್ಪುಸ್ವಾಮಿಯ ಮುಖ ಸಪ್ಪಗಾಯಿತು. "ಹೆಂಗಸರನ್ನ ಒಳಗೆ ಇಳಿಸಲ್ಲ ಅಮ್ಮಾ. ಗಣಿ ರೂಲ್ಸು."

"ಒಂಬತ್ತು ತಿಂಗಳು ಅವನು ನನ್ ಹೊಟ್ಟೆ ಕತ್ತಲಾಗೆ ಇದ್ನಲ್ಲ, ಆವಾಗ ಯಾರ ರೂಲ್ಸು ಕೇಳಿದ್ದೆ ನಾನು?"

ಕುಪ್ಪುಸ್ವಾಮಿ ನೀರಿನ ಲೋಟ ಕೆಳಗಿಟ್ಟ. ದೊರೆಯನ್ನು ಕೇಳಿ ನೋಡುತ್ತೇನೆ ಎಂದು ಹೇಳಿ, ಅವಳು ಬಡಿಸಿದ ಮುದ್ದೆ ಉಂಡು ಹೊರಟ.

ಎರಡು ವಾರ ಕಳೆದು ಬಂದು ಹೇಳಿದ. ಹೆಂಗಸರಿಗೆ ಆಗುವುದೇ ಇಲ್ಲ. ತಂದೆ ಬೇಕಾದರೆ ಒಂದು ಸಲ ಇಳಿದು ನೋಡಿ ಬರಬಹುದು.

"ನಾನು ಆ ತೂತಿಗೆ ಕಾಲಿಡಲ್ಲ" ಎಂದ ಮುನಿಸ್ವಾಮಪ್ಪ.

ಮುನಿರತ್ನಮ್ಮ ತಡೆಯಲಾರದೆ ನೇರ ಅವನಿಗೇ ಹೇಳಿಬಿಟ್ಟಳು. "ಬಿಡು. ಬದುಕಿದ್ದಾಗ ಕೇಳ್ಲಿಲ್ಲ, ಈಗ ಯಾಕೆ ನೋಡ್ತೀಯ."

"ಬಾಯ್ ಮುಚ್ಚು."

"ಮುಚ್ಚಿದ್ನಲ್ಲ ಇಷ್ಟು ದಿನ! ಅದ್ರಿಂದ ಏನ್ ಬಂತು?"

ತಿಂಗಳು ತುಂಬಿದ ಮೇಲೆ ಗಂಡಹೆಂಡತಿ ಆಡಿದ ಮೊದಲ ಮಾತು ಅದೇ. ಆ ವಾರ ಅಮ್ಮನನ್ನು ನೋಡಿಕೊಳ್ಳಲು ಬಂದಿದ್ದ ಅನಸೂಯ ಅಡುಗೆಮನೆಯಿಂದ ಈಚೆ ಬಂದಳು.

"ಅಪ್ಪಾ, ಅಮ್ಮನ್ನ ಬಿಡಲ್ಲ. ನನ್ನೂ ಬಿಡಲ್ಲ. ನೀನೊಬ್ನೇ ಓಗಬೌದು. ನನ್ ತಮ್ಮ ಮಾಡಿಟ್ಟ ಕೆಲ್ಸಾನ ನಮ್ಮನೇಲಿ ಒಬ್ರಾದ್ರೂ ಕಣ್ಣಾರೆ ನೋಡ್ಬೇಡ್ವಾ?"

"ನೋಡಿ ಏನ್ ಮಾಡ್ಲಿ? ನೋಡಿದ್ರೆ ಎದ್ ಬತ್ತಾನಾ?"

ಅಷ್ಟೂ ಹೊತ್ತು ತಟ್ಟೆಯ ಮುಂದೆ ಕೂತಿದ್ದ ಚಿಕ್ಕವೆಂಕಟಮ್ಮ ಮುದ್ದೆಯ ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳಿದಳು.

"ಯಾಕಮ್ಮಾ?"

"ನೀನು ಅಲ್ಲಿಗೆ ಓಗಿ ಬರೋಗಂಟ ನಂಗೆ ಊಟ ಬೇಡ ನಾಯ್ನಾ."

"ಇದೇನ್ ಮಕ್ಕಳಾಟ ನಿಂದು?"

"ಮಗ ಸತ್ತೋನು ನೀನು. ನಿನ್ ಸಂಕಟ ನಂಗೆ ಗೊತ್ತು. ಆದ್ರೆ ಮೊಮ್ಮಗ ಏನಾಗಿದ್ದ ಅಂತ ತಿಳ್ಕೊಳ್ದೆ ಸಾಯಾಕೆ ನಂಗಿಷ್ಟ ಇಲ್ಲ."

ಸಂಜೆಯೂ ಮುದುಕಿ ಉಣ್ಣಲಿಲ್ಲ. ಮಾರನೇ ದಿನ ಬೆಳಿಗ್ಗೆ ಅವಳು ಬರೀ ನೀರು ಕುಡಿದು ಹೊಸ್ತಿಲಲ್ಲಿ ಕೂತಿರುವುದನ್ನು ಕಂಡು ಮುನಿಸ್ವಾಮಪ್ಪ ಹಾಲಿನ ಕ್ಯಾನು ಕೆಳಗಿಟ್ಟ. "ಉಣ್ಣಮ್ಮಾ. ಓಗ್ತೀನಿ."

ಹೋಗುವ ದಿನ ಅನಸೂಯ ಅಜ್ಜಿಯನ್ನು ಬಂಗಾರಪೇಟೆಗೆ ಕರೆದುಕೊಂಡು ಹೋದಳು. "ನೀವು ಅದನ್ನ ಮುಗಿಸ್ಕೊಂಡು ರೈಲಿಗೆ ನಮ್ಮನೇಗೇ ಬನ್ನಿ, ಅಡುಗೆ ಮಾಡಿಟ್ಟಿರ್ತೀನಿ" ಎಂದಳು. ಗಂಡಹೆಂಡತಿ ಬಸ್ಸಿನಲ್ಲಿ ಹಿಂದುಮುಂದಿನ ಸೀಟಿನಲ್ಲಿ ಕೂತು ಗಣಿಗೆ ಬಂದರು. ಮುನಿರತ್ನಮ್ಮ ಗಣಿಬಾವಿಯ ಬಾಯಿಯವರೆಗಾದರೂ ಬರುತ್ತೇನೆಂದು ಹಟ ಹಿಡಿದಿದ್ದಳು. ಆಕಾಶಕ್ಕೆ ನೆಟ್ಟಂಥ ಉಕ್ಕಿನ ಗೋಪುರ, ಅದರ ತುದಿಯಲ್ಲಿ ಒಂದೇ ಸಮ ತಿರುಗುವ ದೊಡ್ಡ ಗಾಲಿ. ಅವಳು ಅದನ್ನು ನೋಡುತ್ತಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ದೇವಸ್ಥಾನದ ಮುಂದೆ ಎಳೆದುಕೊಳ್ಳುತ್ತಿದ್ದಳಲ್ಲ, ಹಾಗೆ.

ಮುನಿಸ್ವಾಮಪ್ಪನ ತಲೆಗೆ ಟೋಪಿ, ಅದಕ್ಕೊಂದು ದೀಪ, ಕಾಲಿಗೆ ಬೂಟು ಹಾಕಿಸಿದರು. ಕುಪ್ಪುಸ್ವಾಮಿ ಅವನ ಕೈ ಹಿಡಿದು ಕಬ್ಬಿಣದ ಪಂಜರದೊಳಕ್ಕೆ ಹತ್ತಿಸಿದ. ಗಂಟೆ ಬಡಿಯಿತು. ಕಾಲ ಕೆಳಗಿನ ನೆಲವೇ ಕಳಚಿ ಬಿದ್ದಂತೆ ಪಂಜರ ಇಳಿಯಿತು. ಕಿವಿ ಕಟ್ಟಿತು. ಕಲ್ಲಿನ ಗೋಡೆ ಮುಖದ ಹತ್ತಿರವೇ ಸರ್ರನೆ ಮೇಲಕ್ಕೆ ಓಡುತ್ತಿತ್ತು. ಮುಗಿಯಿತು ಅಂದುಕೊಂಡಾಗ ಮುಗಿಯಲಿಲ್ಲ. ಇಳಿದು, ನಡೆದು, ಇನ್ನೊಂದು ಪಂಜರ ಹತ್ತಿ ಮತ್ತೆ ಇಳಿದರು. ಅವನು ಜೀವನದಲ್ಲಿ ತೋಡಿಸಿದ ಬಾವಿಗಳೆಲ್ಲ ಅವನಿಗೆ ಅಂಗೈಯ ಗುಳಿಯ ಹಾಗೆ ಕಂಡವು.

"ಇನ್ನೂ ಎಷ್ಟು ಕುಪ್ಪುಸ್ವಾಮಿ?"

"ಬಂತು ಅಯ್ಯಾ. ನಮ್ಮ ತಲೆ ಮೇಲೆ ಈಗ ಒಂದು ಮೈಲಿಗಿಂತ ಜಾಸ್ತಿ ಕಲ್ಲು."

"ಇಲ್ಲಿಗೆ ದಿನಾ ಬತ್ತಿದ್ನಾ?"

"ದಿನಾ. ನಗ್ತಾ ಬರ್ತಿದ್ದ."

ಬಂಡೆಯನ್ನು ಮುಟ್ಟಿದರೆ ಒಲೆಯ ಮಗ್ಗುಲಿನ ಹಾಗೆ ಬೆಚ್ಚಗಿತ್ತು. ಬೆವರು ಕಣ್ಣಿಗಿಳಿಯಿತು. ಉದ್ದದ ಸುರಂಗ ಒಂದು ತಿರುವಿನಲ್ಲಿ ಥಟ್ಟನೆ ಅಗಲವಾಗಿ, ದೀಪಗಳು ಉರಿಯುತ್ತಿದ್ದ ದೊಡ್ಡ ಗುಹೆಯಾಯಿತು. ಅದರ ನಡುವೆ ಅದು ನಿಂತಿತ್ತು. ಎರಡಾಳೆತ್ತರ, ಮನೆಯಷ್ಟು ಉದ್ದ. ಚೌಕಟ್ಟಾದ ಕಬ್ಬಿಣದ ಕೊಳವೆಗಳು ಒಂದು ಸಾಲು ಉದ್ದಕ್ಕೆ, ಅದರ ಮೇಲೊಂದು ಸಾಲು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಎಲ್ಲವೂ ಮೌನವಾಗಿ, ಏನನ್ನೋ ಕೇಳಿಸಿಕೊಳ್ಳುವ ಹಾಗೆ. ಸೊಪ್ಪು ಬಿಟ್ಟು ತಲೆ ಎತ್ತಿ ಕೂತ ಹುಳುವಿನ ತಟ್ಟೆಗಳ ನಡುವೆ ನಿಂತಾಗ ಆಗುವಂತೆ ಅವನ ಮೈ ಜುಂ ಎಂದಿತು. ತನಗೇ ಗೊತ್ತಿಲ್ಲದೆ ಬೂಟು ಬಿಚ್ಚಲು ಬಗ್ಗಿದ.

"ಬೇಡ ಅಯ್ಯಾ, ಹಾಕ್ಕೊಂಡೇ ಬನ್ನಿ" ಎಂದು ಕುಪ್ಪುಸ್ವಾಮಿ ತಡೆದ. "ಈ ಕಡೆ ನೋಡಿ. ಈ ಸಾಲು, ಆ ಸಾಲು, ಮೇಲಿನ ತನಕ, ಇದರೊಳಗೆಲ್ಲ ನಿಮ್ಮ ಮಗ ಎಳೆದ ತಂತಿ."

ಮುನಿಸ್ವಾಮಪ್ಪ ಕೊಳವೆಯ ಹತ್ತಿರ ಹೋದ. ಮುಟ್ಟಬಹುದೇ ಎಂದು ಕಣ್ಣಲ್ಲೇ ಕೇಳಿ ಅಂಗೈ ಇಟ್ಟ.

"ಆಕಾಶದ್ದು ಈ ಆಳಕ್ಕೆ ಹೆಂಗ್ ಬತ್ತದೆ?"

"ಬೇರೆ ಎಲ್ಲಾನೂ ಈ ಕಲ್ಲು ತಡೀತದೆ. ಇದೊಂದನ್ನ ತಡಿಯೋಕಾಗಲ್ಲ. ಅದಕ್ಕೇ ಇಲ್ಲಿ ಕಾಯೋದು. ಮೇಲಿಂದ ಮಾತ್ರ ಅಲ್ಲ ಅಯ್ಯಾ, ಭೂಮಿ ಆ ಕಡೆ ಮಗ್ಗುಲಿಗೆ ಬಿದ್ದದ್ದು ಇಡೀ ಭೂಮಿ ತೂರ್ಕೊಂಡು ನಮ್ಮ ಕಾಲ ಕೆಳಗಿಂದ ಮೇಲಕ್ಕೂ ಹೋಗ್ತದೆ."

"ಈಗ್ಲೂ ಬತ್ತಾ ಐತಾ?"

"ಈಗ್ಲೂ. ನಿಮ್ಮ ಮೈಯೊಳಗಿಂದಾನೂ. ಲೆಕ್ಕ ಇಲ್ಲದಷ್ಟು. ನಮಗೆ ಗೊತ್ತಾಗಲ್ಲ, ಅದಕ್ಕೂ ನಾವು ಗೊತ್ತಾಗಲ್ಲ. ವಾರಗಟ್ಟಲೆ ಕಾದ್ರೆ ಎಲ್ಲೋ ಒಂದು ಈ ತಂತಿಗೆ ಸಿಗ್ತದೆ."

"ನನ್ ಮಗ ಇದ್ದಾಗ ಸಿಕ್ಕಿತ್ತಾ?"

"ಸಿಕ್ಕಿತ್ತು. ಕೆಳಗಿಂದ ಮೇಲಕ್ಕೆ ಹೋಗಿದ್ದು ಒಂದು, ಅವನು ಎಳೆದ ಸಾಲು ದಾಟಿಕೊಂಡೇ ಹೋಯ್ತು. ದೊರೆ ಅವನ ಬೆನ್ನು ತಟ್ಟಿದ್ರು. ಅವನು ಮಾತಾಡ್ಲೇ ಇಲ್ಲ. ಆ ಮೂಲೇಲಿ ಹೋಗಿ ನಿಂತ್ಕೊಂಡು ಕೈ ಮುಗಿದ."

ಮುನಿಸ್ವಾಮಪ್ಪ ಕೊಳವೆಯಿಂದ ಕೈ ತೆಗೆಯದೆ ಬಹಳ ಹೊತ್ತು ನಿಂತ. ಆ ಹೊತ್ತಿನಲ್ಲಿ ಯಂತ್ರಕ್ಕೆ ಏನೂ ಸಿಗಲಿಲ್ಲ. ಸಿಗದೆ ಇದ್ದದ್ದು ಅವನಿಗೆ ಕೊರತೆಯೆನಿಸಲೂ ಇಲ್ಲ.

ಗೋಡೆಗೆ ಹಾಕಿದ್ದ ಟೆಲಿಫೋನನ್ನು ಕುಪ್ಪುಸ್ವಾಮಿ ಎತ್ತಿದ. ಮೇಲಿನವರ ಜೊತೆ ತಮಿಳಿನಲ್ಲಿ ಏನೋ ಹೇಳಿ ಕಾದು, ಆಮೇಲೆ ಅದನ್ನು ಮುನಿಸ್ವಾಮಪ್ಪನ ಕೈಗೆ ಕೊಟ್ಟ. "ಮಾತಾಡಿ. ಅಮ್ಮ ಮೇಲಿದ್ದಾರೆ."

ಅವನು ಅದನ್ನು ಕಿವಿಗಿಟ್ಟುಕೊಂಡ. ಗರಗರ ಸದ್ದಿನ ಆಚೆ ಯಾರೋ ಉಸಿರಾಡುತ್ತಿದ್ದರು.

"ರತ್ನಾ?"

"ಊಂ."

"ಕೇಳಿಸ್ತದಾ?"

"ಪಕ್ಕದಾಗೆ ನಿಂತಂಗೆ ಕೇಳಿಸ್ತದೆ. ನೀನು ಎಲ್ಲಿದ್ದೀಯ?"

"ತಳದಾಗೆ. ಅವನ ಯಂತ್ರದ ಮುಂದೆ." ತಲೆ ಎತ್ತಿ ಮೇಲಿನ ಸಾಲಿನ ತನಕ ನೋಡಿದ. ಮತ್ತೆ ಹೇಳಿದ. "ಬಲು ದೊಡ್ಡದು ಕಣೇ. ನಾನು ಏನೋ ಅನ್ಕೊಂಡಿದ್ದೆ. ನಮ್ಮ ಹುಡುಗ ಎಂಥಾ ಕೆಲ್ಸ ಮಾಡವ್ನೆ ಅಂತೀಯ! ಇದನ್ನ ನೋಡೋಕೆ ದೇಶದೇಶದೋರು ಬತ್ತಾರಂತೆ. ನಾನು ಅವನ್ನ ನೋಡಿ ನಕ್ಕಿದ್ದೆ."

ಅವಳು ಕೇಳಿದಳು. "ಎಲ್ಲಿ ಕೂತು ಉಣ್ತಿದ್ದ?"

ಅವನು ಕುಪ್ಪುಸ್ವಾಮಿಯ ಕಡೆ ನೋಡಿದ. ಕುಪ್ಪುಸ್ವಾಮಿ ಬಂಡೆಗೆ ಒತ್ತಿ ಹಾಕಿದ್ದ ಮರದ ಹಲಗೆಯೊಂದನ್ನು ತೋರಿಸಿದ.

"ಒಂದು ಹಲಗೆ ಐತೆ. ಯಂತ್ರ ಕಣ್ಣಿಗೆ ಕಾಣ್ತಾನೇ ಇರ್ತದೆ."

"ಗಾಳಿ ಆಡ್ತದಾ ಅಲ್ಲಿ?"

"ಪೈಪಿನಾಗೆ ತಣ್ಣಗೆ ಬತ್ತದೆ."

"ಅಲ್ಲೇ ಒಂದ್ಗಳಿಗೆ ಕೂತ್ಕೋ."

ಟೆಲಿಫೋನಿನ ದಾರ ಎಳೆದಷ್ಟು ಬಂತು. ಅವನು ಹಲಗೆಯ ಅಂಚಿನಲ್ಲಿ ಕೂತ. "ಕೂತೆ" ಅಂದ.

ಮೇಲೆ ಬಿಸಿಲಿನಲ್ಲಿ ಅವಳು, ಕೆಳಗೆ ಬಂಡೆಯೊಳಗೆ ಇವನು. ನಡುವೆ ಮೈಲಿಗೂ ಮೀರಿದ ಕಲ್ಲು. ಇಬ್ಬರೂ ಅಳುವುದು ಇಬ್ಬರಿಗೂ ಕೇಳಿಸುತ್ತಿತ್ತು. ಮುನಿಸ್ವಾಮಪ್ಪನೇ ಮೊದಲು ಸುಧಾರಿಸಿಕೊಂಡ.

"ರತ್ನಾ, ನೀನು ಕಳಿಸಿದ್ದು ಒಳ್ಳೇದಾಯ್ತು. ನನ್ ಮಾತು ಕೇಳಿ ಅವನು ಮನೇಲೇ ಇದ್ದಿದ್ರೂ ಅವನ ಆಯುಸ್ಸು ಅಷ್ಟೇ ಇರ್ತಿತ್ತು. ಇದು ಮಾತ್ರ ಇರ್ತಿರ್ಲಿಲ್ಲ."

ಅತ್ತ ಕಡೆ ಅವಳು ಮೂಗು ಸೀಟಿಕೊಂಡದ್ದು ಕೇಳಿಸಿತು. ಆಮೇಲೆ, "ಉಷಾರಾಗಿ ಮೇಲಕ್ಕೆ ಬಾ" ಅನ್ನುವ ಮಾತು ಬಂತು.

ಮಾರಿಕುಪ್ಪಂನಲ್ಲಿ ಮಧ್ಯಾಹ್ನದ ರೈಲು ಖಾಲಿಯಾಗಿ ನಿಂತಿತ್ತು. ಇಬ್ಬರೂ ಕಿಟಕಿಯ ಪಕ್ಕ ಎದುರುಬದುರು ಕೂತರು. ಮುನಿಸ್ವಾಮಪ್ಪ ಮೂವತ್ತು ವರ್ಷದ ಸಂಸಾರದಲ್ಲಿ ಆಡಿರದಷ್ಟು ಮಾತಾಡಿದ. ಪಂಜರ ಇಳಿದದ್ದು, ಕಿವಿ ಕಟ್ಟಿದ್ದು, ಬಂಡೆ ಬೆಚ್ಚಗಿದ್ದದ್ದು, ಮಗ ಮೂಲೆಯಲ್ಲಿ ನಿಂತು ಕೈ ಮುಗಿದದ್ದು. ಅವಳು ನಡುವೆ ನಡುವೆ ತಡೆದು, ಬಿಟ್ಟುಹೋದದ್ದನ್ನು ಮತ್ತೆ ಹೇಳಿಸಿದಳು. ರೈಲು ಹೊರಟು, ಚಿನ್ನ ತೆಗೆದು ಸುರಿದ ಮಣ್ಣಿನ ಸಯನೈಡ್ ದಿಬ್ಬಗಳನ್ನು ಬಳಸಿಕೊಂಡು ಊರ್ಗಾಂ ದಾಟಿತು. ನಡುವೆ ಹತ್ತಿ ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಹೂ ಕಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

"ಯಾರ ವಿಷ್ಯ ಅಣ್ಣಾ ಇದು?"

"ನಮ್ ಮಗಂದು" ಎಂದಳು ಮುನಿರತ್ನಮ್ಮ. "ಕದಿರಪ್ಪ ಅಂತ." ಆಮೇಲೆ ಗಂಡನ ಕಡೆ ತಿರುಗಿದಳು. "ಅದು ನಮ್ ಮೈಯೊಳಗಿಂದಾನೂ ಓಗ್ತದೆ ಅಂದ್ಯಲ್ಲ. ಮೇಲೆ ಇರೋರಿಗೂನಾ? ನಂಗೂನಾ?"

"ಎಲ್ರಿಗೂ ಅಂತೆ."

ಅವಳು ಕಿಟಕಿಯಿಂದ ಬೀಳುತ್ತಿದ್ದ ಬಿಸಿಲಿಗೆ ಅಂಗೈ ಚಾಚಿದಳು. ಗಡುಸು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ಮೇಲಿಂದ ಮಾತ್ರ ಅಲ್ವಂತೆ" ಎಂದ ಮುನಿಸ್ವಾಮಪ್ಪ. "ಕೆಳಗಿಂದ್ಲೂ ಬತ್ತದಂತೆ. ಇಡೀ ಭೂಮಿ ದಾಟ್ಕೊಂಡು. ನಮ್ ಹೊಲದ ಬದುವಿನಾಗಿಂದ್ಲೂ."

ಮುನಿರತ್ನಮ್ಮ ಮೆಲ್ಲಗೆ ಕೈ ಮಗುಚಿದಳು. ಅಂಗೈಯನ್ನು ನೆಲದ ಕಡೆ ಹಿಡಿದು, ಬಂಗಾರಪೇಟೆ ಬರುವ ತನಕ ಹಾಗೇ ಕೂತಿದ್ದಳು.